ಪೈಲಟ್ರ ಮನೆಯ ಫಿಟ್ಟರ್ ಕಾಕಾ

ಒಳ್ಳೆಯ ನುಣುಪು ಕಾಗದಕ್ಕೆ ಅದರದೇ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ಲಗ್ನಪತ್ರಿಕೆಯಲ್ಲಿ ಅದು ಅರಿಷಿಣದ ಜೊತೆ ಬೆರೆತು ಬರುತ್ತದೆ. ಗೊಬ್ಬರದ ಅಂಗಡಿಯವರು ಹಂಚುವ ದಾಳಿಂಬೆ ಚಿತ್ರದ ಹಾಳೆಗಳಲ್ಲಿ ಔಷಧಿಯ ಘಾಟಿನ ಜೊತೆ ಬರುತ್ತದೆ. ಇವತ್ತು ಮಧ್ಯಾಹ್ನ ಅಂಚೆಯವರು ಕೊಟ್ಟುಹೋದ ದಪ್ಪ ಲಕೋಟೆಯನ್ನು ಹರಿದಾಗ ಬಂದದ್ದು ಮಾತ್ರ ಬೇರೇನೂ ಬೆರೆಯದ ಅಪ್ಪಟ ಸಿರಿವಂತ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಸಿಟ್ಟು ನೆತ್ತಿಗೇರಿತು. ಒಳಗಿದ್ದದ್ದು ಕೋರ್ಟಿನ ನೋಟೀಸಲ್ಲ. ನಿವೃತ್ತ ಯುದ್ಧವಿಮಾನ ಚಾಲಕರ ಒಂದು ಕ್ಲಬ್ಬು ಮೂರು ತಿಂಗಳಿಗೊಮ್ಮೆ ಹೊರತರುವ ಸಂಚಿಕೆ. ಮುಖಪುಟದ ಮೇಲೆ ಇನ್ನೂ ಹುಟ್ಟದ ಹೊಸ ಫೈಟರ್ ವಿಮಾನ ಮೋಡ ಸೀಳಿಕೊಂಡು ಹೊರಟಿದೆ. ಕಂಪ್ಯೂಟರಿನಲ್ಲಿ ಬರೆದ ಚಿತ್ರ, ಮೋಡವೂ ಅಲ್ಲಿಯದೇ.

ಕುಷ್ಟಗಿಯ ಸರಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಹೆಂಗಸಿಗೂ ಪೈಲಟ್‌ಗಳ ಕ್ಲಬ್ಬಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಬಸ್ಸಿನಲ್ಲಿ ಗಂಗಾವತಿ ಮುಟ್ಟುವುದರೊಳಗೆ ಎರಡು ಲಿಂಬೆಹಣ್ಣು ಮೂಸಿ ಮುಗಿಸುವವಳು ನಾನು. ಈ ಸಂಚಿಕೆ ನಮ್ಮ ಮನೆಗೆ ಬರುವುದು ಕಾಕಾನಿಂದಾಗಿ. ಅವರು ಒಮ್ಮೆ ಲೇಖನ ಕಳಿಸಿದ್ದರು, ಕಳಿಸಿದವರಿಗೆಲ್ಲ ಒಂದು ವರ್ಷದ ಸಂಚಿಕೆ ಪುಕ್ಕಟೆ. ಲೇಖನವನ್ನು ಅಚ್ಚು ಹಾಕದಿದ್ದರೂ ಸಂಚಿಕೆ ಮಾತ್ರ ತಪ್ಪದೆ ಬರುತ್ತಿದೆ. ಇದಕ್ಕಿಂತ ದೊಡ್ಡ ಅವಮಾನವನ್ನು ಇಷ್ಟು ಒಳ್ಳೆಯ ಕಾಗದದ ಮೇಲೆ ಯಾರೂ ಮಾಡಲಾರರು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಶರಣಪ್ಪ. ಈಗ ಎಂಬತ್ತು ದಾಟಿದೆ. ನಮ್ಮದು ಇನ್ನೂ ರಾಯಚೂರು ಜಿಲ್ಲೆಯಾಗಿದ್ದ ಕಾಲದಲ್ಲಿ, ಕಂಡವರ ಹೊಲದಲ್ಲಿ ಜೋಳ ಕೊಯ್ಯುತ್ತಿದ್ದ ಮನೆಯಿಂದ ಎದ್ದು ಹೋಗಿ ಏರ್ ಫೋರ್ಸ್ ಸೇರಿದವರು. ಫೈಟರ್ ವಿಮಾನಗಳ ಇಂಜಿನ್ ಫಿಟ್ಟರ್. ನಿವೃತ್ತಿಯಾಗಿ ಊರಿಗೆ ಬಂದು ಬಸ್‌ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ರಿಪೇರಿ ಅಂಗಡಿ ತೆರೆದರು. ಏರ್ ಫೋರ್ಸಿನಿಂದ ಬಂದವನೆಂದರೆ ಪೈಲಟ್ಟೇ ಇರಬೇಕು ಎಂದು ನಮ್ಮ ಊರು ಅವತ್ತೇ ತೀರ್ಮಾನಿಸಿಬಿಟ್ಟಿತು. ಅಂಗಡಿ ಪೈಲಟ್ ಅಂಗಡಿಯಾಯಿತು, ಮನೆ ಪೈಲಟ್ರ ಮನಿಯಾಯಿತು, ನಾನು ಶಾಲೆಗೆ ಹೊರಟರೆ ಪೈಲಟ್ರ ಅಣ್ಣನ ಮಗಳು.

ಕಾಕಾ ಇದನ್ನು ಒಂದು ದಿನವೂ ಒಪ್ಪಲಿಲ್ಲ. ಮೋಟಾರು ಹೊತ್ತು ತಂದ ಪ್ರತಿಯೊಬ್ಬ ರೈತನಿಗೂ ಹೇಳುತ್ತಿದ್ದರು: "ನಾ ಪೈಲಟ್ ಅಲ್ಲಪಾ, ಫಿಟ್ಟರ್. ಹಾರಾವ ಬ್ಯಾರೆ, ಹಾರಾಕ ಬಿಡಾವ ಬ್ಯಾರೆ."

"ಅದೇನರ ಇರ್ಲಿ ಬಿಡ್ರಿ ಪೈಲಟ್ರ, ನಮ್ಮ ಮೋಟಾರ್ ಇವತ್ತ ಸಿಗತೈತಿಲ್ಲೋ ಅಷ್ಟ ಹೇಳ್ರಿ," ಎನ್ನುತ್ತಿದ್ದರು ಅವರು.

ನಡೆಯುವಾಗ ಕಾಕಾ ಎಂದೂ ತಲೆ ಎತ್ತುತ್ತಿರಲಿಲ್ಲ. ಆಕಾಶದ ನೌಕರಿ ಮಾಡಿದವರು ನೆಲ ನೋಡಿಕೊಂಡು ನಡೆಯುವುದು ನನಗೆ ಚಿಕ್ಕಂದಿನಲ್ಲಿ ದೊಡ್ಡ ಸೋಜಿಗ. ದಾರಿಯಲ್ಲಿ ಕಂಡ ಮೊಳೆ, ನಟ್ಟು, ಚೂಪು ಹರಳು, ಎಲ್ಲವನ್ನೂ ಬಗ್ಗಿ ಎತ್ತಿ ಜೇಬಿಗೆ ಹಾಕುತ್ತಿದ್ದರು. ಅವರು ನೌಕರಿ ಮಾಡಿದ ಕಡೆಗಳಲ್ಲೆಲ್ಲ ಇದು ದಿನದ ಮೊದಲ ಕೆಲಸವಂತೆ. ಬೆಳಕು ಹರಿಯುತ್ತಲೇ ಎಲ್ಲರೂ ಸಾಲಾಗಿ ನಿಂತು, ಹೆಗಲಿಗೆ ಹೆಗಲು ಹತ್ತಿಸಿ, ವಿಮಾನ ಓಡುವ ದಾರಿಯ ಉದ್ದಕ್ಕೂ ನೆಲ ನೋಡುತ್ತ ನಡೆಯಬೇಕು. ಫೈಟರಿನ ಬಾಯಿ ಗಾಳಿಯನ್ನು ಎಳೆದುಕೊಳ್ಳುವಾಗ ಒಂದು ಹರಳು ಒಳಗೆ ಹೋದರೂ ಇಂಜಿನ್ನಿನ ಕಥೆ ಮುಗಿಯಿತು. ನಮ್ಮ ಕುಷ್ಟಗಿಯ ರಸ್ತೆಯಲ್ಲಿ ಹರಳಿಗೇನು ಬರವೇ? ನೂರು ಹೆಜ್ಜೆಯ ದಾರಿಗೆ ಕಾಕಾನಿಗೆ ಅರ್ಧ ತಾಸು ಬೇಕಾಗುತ್ತಿತ್ತು.

"ಏನ್ ಕಳಕೊಂಡೀರಿ ಪೈಲಟ್ರ?" ಎಂದು ಯಾರಾದರೂ ಕೇಳಿದರೆ, "ಏನೂ ಇಲ್ರಿ. ಕಳಕೋಬಾರ್ದು ಅಂತ ಹುಡಕಾಕತ್ತೀನಿ," ಎನ್ನುವರು. ರಾತ್ರಿ ಅವರ ಪ್ಯಾಂಟು ತೊಳೆಯಲು ತೆಗೆದುಕೊಂಡಾಗ ಚಿಗವ್ವನ ಬಾಯಿಂದ ಬರುತ್ತಿದ್ದ ಮಾತುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಚಿಗವ್ವ ಎಂದರೆ ಕಾಕಾನ ಹೆಂಡತಿ, ಯಲಬುರ್ಗಾ ಕಡೆಯವಳು. ಅಕ್ಷರ ಬಾರದು, ಆದರೆ ಬೈಗುಳಕ್ಕೆ ಅಕ್ಷರ ಬೇಕಾಗಿಲ್ಲವಲ್ಲ.

ಇನ್ನೊಂದು ಪದ್ಧತಿ ಇತ್ತು, ಈ ಬರಹವೆಲ್ಲ ಅದಕ್ಕಾಗಿಯೇ. ಪ್ರತಿ ವಿಮಾನಕ್ಕೂ ಒಂದು ಪುಸ್ತಕ. ಹಾರುವ ಮೊದಲು ಫಿಟ್ಟರ್ ವಿಮಾನವನ್ನು ಪೂರಾ ಪರೀಕ್ಷಿಸಿ, ಸರಿಯಿದೆ ಎಂದು ಆ ಪುಸ್ತಕದಲ್ಲಿ ಸಹಿ ಮಾಡಬೇಕು. ಅದನ್ನು ಓದಿ ಪೈಲಟ್ ಸಹಿ ಮಾಡಬೇಕು. ಫಿಟ್ಟರನ ಸಹಿ ಇಲ್ಲದೆ ಎಂಥ ದೊಡ್ಡ ಅಧಿಕಾರಿಯೂ ವಿಮಾನ ಹತ್ತುವಂತಿಲ್ಲ. ಪುಸ್ತಕದಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ, ಅದೂ ಕೆಳಗಿನದು ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದದ್ದು, ಅದರ ಕೆಳಗೆ ಬರೆದವನ ಸಹಿ. ಸಹಿಯ ಬಗ್ಗೆ ಕಾಕಾನದು ಒಂದೇ ಮಾತು: ಕಣ್ಣಿನಿಂದ ನೋಡದೆ, ಕೈಯಿಂದ ಮುಟ್ಟದೆ ಹಾಕಬಾರದು. ನನ್ನ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವ ಮುಂಚೆಯೂ ಪ್ರತಿ ವಿಷಯದ ಉತ್ತರಪತ್ರಿಕೆ ತರಿಸಿ ಕೂಡಿಸಿ ನೋಡಿದ್ದರು. ಗಣಿತದಲ್ಲಿ ನನಗೆ ಹೆಚ್ಚಿಗೆ ಬಿದ್ದಿದ್ದ ನಾಲ್ಕು ಅಂಕ ಹೋದದ್ದು ಅವರಿಂದಲೇ.

ಈಗ ಆ ಬೆಳಗಿನ ಮಾತು. ಉತ್ತರದ ಕಡೆಯ ಒಂದು ವಾಯುನೆಲೆ, ಚಳಿಗಾಲ. ರಷ್ಯಾದಿಂದ ಬಂದಿದ್ದ ಆ ಹಳೆಯ ಜಾತಿಯ ಫೈಟರ್‌ಗಳು ನಾಲ್ಕು ಒಟ್ಟಿಗೆ ಏರಬೇಕು. ಮೂರರ ಪುಸ್ತಕಗಳಿಗೆ ಸಹಿ ಬಿದ್ದಿದೆ. ನಾಲ್ಕನೆಯದು ಕಾಕಾನದು. ಅದರ ಪೈಲಟ್ ಒಬ್ಬ ತರುಣ ಅಧಿಕಾರಿ, ಕಾಕಾನಿಗಿಂತ ಕಿರಿಯರು. ಕಾಕಾ ಅವರನ್ನು ಈಗಲೂ 'ಸಾಹೇಬ್ರು' ಎಂದೇ ಕರೆಯುತ್ತಾರೆ. ಸಾಹೇಬರು ಹೆಲ್ಮೆಟ್ಟು ಬಗಲಲ್ಲಿಟ್ಟುಕೊಂಡು, ಪೆನ್ನು ಹಿಡಿದು ಕಾಯುತ್ತ ನಿಂತಿದ್ದಾರೆ. ಕಾಕಾ ಮಾತ್ರ ವಿಮಾನದ ಹೊಟ್ಟೆಯ ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತಿದ್ದಾರೆ. ಒಣಬಟ್ಟೆಯಿಂದ ಒರೆಸಿ, ಅಂಗೈ ಇಟ್ಟು, ಮೂಸಿ ನೋಡುವುದು ಅವರ ರೂಢಿ. ಅವತ್ತು ಒರೆಸಿದ ಜಾಗ ಮತ್ತೆ ಒದ್ದೆಯಾಯಿತು. ಅಂಗೈಗೆ ಬಂದದ್ದು ಒಂದು ಹನಿ ಇಂಧನ, ಇಬ್ಬನಿಯಲ್ಲ.

"ಇದನ್ನ ತಗದು ನೋಡಬೇಕ್ರಿ ಸಾಹೇಬ್ರ, ಸಹಿ ಮಾಡಂಗಿಲ್ಲ," ಎಂದರಂತೆ ಕಾಕಾ, ತಮ್ಮ ಹರಕು ಹಿಂದಿಯಲ್ಲಿ. ಸಾಹೇಬರಿಗೆ ಸಿಟ್ಟು ಬಂತು. ಉಳಿದ ಮೂರು ವಿಮಾನಗಳು ಗುಡುಗುತ್ತಿದ್ದವು, ಮೇಲಧಿಕಾರಿ ಗಡಿಯಾರ ನೋಡುತ್ತಿದ್ದರು. ಸಾಹೇಬರು ಎಲ್ಲರ ಮುಂದೆ ಬೈದರು. ಏನೆಂದು ಬೈದರು ಎಂದು ಕಾಕಾ ಈವರೆಗೆ ಹೇಳಿಲ್ಲ. ಮೂರು ವಿಮಾನಗಳು ಹೋದವು, ನಾಲ್ಕನೆಯದು ನೆಲದ ಮೇಲೆ ಉಳಿಯಿತು. ಮುಚ್ಚಳ ತೆಗೆದು ನೋಡಿದರೆ, ಇಂಧನದ ಪೈಪನ್ನು ಬಿಗಿಹಿಡಿಯುವ ಪಟ್ಟಿ ತಿಕ್ಕಿ ತಿಕ್ಕಿ ಪೈಪು ಸವೆದು, ಅಲ್ಲಿ ಕೂದಲೆಳೆಯಷ್ಟು ಬಿರುಕು. ಮೇಲೆ ಹೋಗಿದ್ದರೆ ಆಕಾಶದಲ್ಲೇ ಬೆಂಕಿ ಹತ್ತುತ್ತಿತ್ತು.

ಅವತ್ತು ಸಂಜೆ ಸಾಹೇಬರು ಕಾಕಾನ ಕ್ವಾರ್ಟರ್ಸಿಗೆ ಬಂದರು. ನೆಲದ ಮೇಲೆ ಕುಳಿತು ಚಿಗವ್ವನ ಕೈಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ಉಂಡರು. ಮುಂದಿನ ವಾರ ಆ ವಿಮಾನದ ಮುಂದೆಯೇ ಕಾಕಾನ ಹೆಗಲ ಮೇಲೆ ಕೈಹಾಕಿ ನಿಂತು ಫೋಟೋ ತೆಗೆಸಿದರು, ಒಂದು ಪ್ರತಿಯನ್ನು ಕಾಕಾನಿಗೂ ಕೊಟ್ಟರು. ಕಾಕಾನ ಇಡೀ ನೌಕರಿಯಲ್ಲಿ ವಿಮಾನದ ಜೊತೆ ಅವರು ಇರುವ ಫೋಟೋ ಅದೊಂದೇ.

ಹೋದ ವರ್ಷ ಮಾಜಿ ಸೈನಿಕರ ವಾಟ್ಸಾಪ್ ಗುಂಪಿನಲ್ಲಿ ಈ ಕ್ಲಬ್ಬಿನ ಪ್ರಕಟಣೆಯೊಂದು ಸುತ್ತಾಡುತ್ತ ಬಂತು. ಹಳೆಯ ಫೈಟರಿಗೆ ವಿದಾಯ, ಹೊಸ ಫೈಟರಿಗೆ ಸ್ವಾಗತ ಎಂದು ವಿಶೇಷ ಸಂಚಿಕೆ ತರುತ್ತಾರಂತೆ. ಆ ವಿಮಾನಗಳ ಜೊತೆ ಕೆಲಸ ಮಾಡಿದ ಯಾರು ಬೇಕಾದರೂ ನೆನಪು, ಫೋಟೋ ಕಳಿಸಬಹುದಂತೆ. 'ಯಾರು ಬೇಕಾದರೂ' ಎಂಬ ಮಾತನ್ನು ಕಾಕಾ ನನ್ನಿಂದ ಎರಡು ಸಲ ಓದಿಸಿದರು. ಅವರ ಕಣ್ಣಿಗೆ ಈಗ ಬೆಳಕು, ಆಕಾರ ಕಾಣುತ್ತವೆ, ಅಕ್ಷರ ಕಾಣುವುದಿಲ್ಲ. ಅವರು ಹೇಳುತ್ತ ಹೋದರು, ನಾನು ಇಂಗ್ಲಿಷಿಗೆ ತಿರುಗಿಸುತ್ತ ಹೋದೆ. ಹಸು, ಪೋಸ್ಟ್‌ಮನ್, ನನ್ನ ಶಾಲೆ, ಇಷ್ಟರ ಮೇಲೆ ಪ್ರಬಂಧ ಬರೆಸಿ ಬದುಕಿದವಳಿಗೆ ಇಂಧನದ ಪೈಪಿನ ಇಂಗ್ಲಿಷು ಎಲ್ಲಿಂದ ಬರಬೇಕು? ಮೂರು ಭಾನುವಾರ ಹಿಡಿಯಿತು. ನಾಲ್ಕು ಪುಟವಾಯಿತು. ಫೋಟೋವನ್ನು ಸ್ಕ್ಯಾನ್ ಮಾಡಿಸಿ ಜೊತೆಗೆ ಕಳಿಸಿದೆವು. ಕಾಕಾ ಅಷ್ಟು ತಿಂಗಳು ಬಾಯಿಬಿಟ್ಟು ಏನೂ ಕೇಳಲಿಲ್ಲ. ಆದರೆ ಅಂಚೆಯವರು ನಮ್ಮ ಓಣಿಗೆ ಬರುವ ಹೊತ್ತಿಗೆ ಸರಿಯಾಗಿ ತಮ್ಮ ಅಂಗಳಕ್ಕೆ ಬಂದು ಕುಳಿತುಕೊಳ್ಳುವುದನ್ನು ರೂಢಿ ಮಾಡಿಕೊಂಡರು.

ವಿಶೇಷ ಸಂಚಿಕೆ ನನ್ನ ವಿಳಾಸಕ್ಕೆ ಬಂತು, ಕಾಕಾನ ಮನೆಗೆ ಹಿಡಿದುಕೊಂಡು ಹೋದೆ. ಚಿಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾಕಾ ಗೋಡೆಗೊರಗಿ ಕಾಲು ಚಾಚಿದ್ದವರು ಮಡಚಿ ನೆಟ್ಟಗೆ ಕುಳಿತರು. ನಾನು ಮೊದಲ ಪುಟದಿಂದಲೇ, ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುತ್ತ, ಓದಬೇಕು ಎಂದು ಅವರ ಹುಕುಂ. ಓದಿದೆ. ಗಾಲ್ಫ್ ಆಟದಲ್ಲಿ ಗೆದ್ದವರು, ಬ್ಯಾಂಡಿನೊಂದಿಗೆ ನಡೆದ ರಾತ್ರಿಯ ಔತಣ, ಯಾರದೋ ಮೊಮ್ಮಗಳ ಮದುವೆ. ಆಮೇಲೆ ಹೊಸ ಫೈಟರಿನ ಬಗ್ಗೆ ಎಂಟು ಪುಟ. ನಮ್ಮ ದೇಶದಲ್ಲೇ ತಯಾರಾಗುತ್ತದೆ, ಶತ್ರುವಿನ ರಾಡಾರಿಗೆ ಕಾಣಿಸುವುದಿಲ್ಲ, ಪೈಲಟ್ ತಲೆ ತಿರುಗಿಸಿದ ಕಡೆ ಗುರಿ ತಿರುಗುತ್ತದೆ. ಕಾಕಾ ಕಣ್ಣುಮುಚ್ಚಿ ಕೇಳುತ್ತಿದ್ದರು.

"ಮುಚ್ಚಳ ಎಷ್ಟ ಕಡೆ ತಗಿಯಾಕ ಬರತೈತಿ ಅಂತ ಬರದಾರೇನು?"

"ಇಲ್ರಿ ಕಾಕಾ."

"ಇಂಜಿನ್ ಹಿಂದ ಕೈ ಹೋಗತೈತೇನು? ಹಳೇದ್ರಾಗ ನನ್ನ ಕೈಯಷ್ಟ ಹೋಗತಿತ್ತು, ದಪ್ಪ ಕೈಯಾವರಿಗೆ ಆಗತಿದ್ದಿಲ್ಲ."

ಎಂಟು ಪುಟದಲ್ಲಿ ಕೈ ಎಂಬ ಮಾತೇ ಇರಲಿಲ್ಲ. ರಾಡಾರಿಗೆ ಕಾಣದ ವಿಮಾನ ಇನ್ನು ಬರಬೇಕು. ರಾಡಾರಿಗೆ ಕಾಣದ ಮನುಷ್ಯರನ್ನು ಈ ಕ್ಲಬ್ಬು ಎಂದೋ ತಯಾರಿಸಿಟ್ಟುಕೊಂಡಿದೆ. ಮುಂದಿನ ಹಾಳೆ ತಿರುಗಿಸಿದೆ. ನೋಡಿದರೆ ನಮ್ಮ ಫೋಟೋ.

ನಮ್ಮದು ಎಂದೆನಲ್ಲ, ಅರ್ಧ ನಮ್ಮದು. ಸಾಹೇಬರಿದ್ದಾರೆ, ಹಿಂದೆ ವಿಮಾನವಿದೆ. ಸಾಹೇಬರ ಬಲಗೈ ಚಾಚಿಕೊಂಡು ಚಿತ್ರದ ಅಂಚಿನವರೆಗೆ ಹೋಗಿದೆ, ಮಣಿಕಟ್ಟಿನ ಹತ್ತಿರ ಚಿತ್ರ ಮುಗಿದಿದೆ. ಯಾರ ಹೆಗಲ ಮೇಲೆ ಆ ಕೈ? ಸಂಪಾದಕ ಮಹಾಶಯರಿಗೆ ಅದನ್ನು ಕೇಳಿಕೊಳ್ಳಬೇಕು ಅನ್ನಿಸಲಿಲ್ಲ. ಕೆಳಗೆ ಸಾಹೇಬರ ಲೇಖನ. ಅವರು ಈಗ ದೊಡ್ಡ ಹುದ್ದೆಯಿಂದ ನಿವೃತ್ತರು. ಆ ಬೆಳಗಿನ ಬಗ್ಗೆ ಒಂದು ಪ್ಯಾರಾ ಬರೆದಿದ್ದಾರೆ: ವಿಮಾನದ ಕಡೆ ನಡೆಯುತ್ತಿದ್ದಾಗ ಏನೋ ಸರಿಯಿಲ್ಲವೆಂದು ಅವರ ಒಳಮನಸ್ಸು ಹೇಳಿತಂತೆ, ಹಾರಲು ಅವರೇ ನಿರಾಕರಿಸಿದರಂತೆ, ಕೆಳಗಿನ ಸಿಬ್ಬಂದಿ ತೆಗೆದು ನೋಡಿದಾಗ ದೋಷ ಸಿಕ್ಕಿತಂತೆ. ಪೈಲಟ್ಟಿಗೆ ಬೇಕಾದದ್ದು ಇಂಥ ಆರನೆಯ ಇಂದ್ರಿಯ ಎಂದು ಕೊನೆಗೊಂದು ಉಪದೇಶ. ನನ್ನ ಮೂರು ಭಾನುವಾರದ ನಾಲ್ಕು ಪುಟ ಎಲ್ಲೂ ಇಲ್ಲ. ಕಡೆಯ ಹಾಳೆಯಲ್ಲಿ ಸಹಕರಿಸಿದವರ ಪಟ್ಟಿ ಇತ್ತು. ಅದರ ತುದಿಯಲ್ಲಿ 'ಮತ್ತು ಇತರರು'.

ಸಾಹೇಬರಿಗೂ ವಯಸ್ಸಾಗಿದೆ, ನೆನಪು ಜಾರಿರಬಹುದು ಎಂದು ನೀವು ಅನ್ನುತ್ತೀರಿ. ಇರಲಿ. ಆದರೆ ಆ ಸಂಪಾದಕರ ಮೇಜಿನ ಮೇಲೆ ಎರಡೂ ಲೇಖನಗಳಿದ್ದವು, ಇಬ್ಬರೂ ಇದ್ದ ಇಡೀ ಫೋಟೋ ಇತ್ತು. ಕತ್ತರಿಸುವ ಕೆಲಸಕ್ಕೆ ನೆನಪೇನೂ ಬೇಕಾಗುವುದಿಲ್ಲ. ತಾನು ಬೇಡ ಬೇಡವೆಂದರೂ ಊರೆಲ್ಲ ಸೇರಿ ಪೈಲಟ್ ಮಾಡಿ ಕೂರಿಸಿದ ಮನುಷ್ಯನನ್ನು ಇವರು ಫಿಟ್ಟರ್ ಎಂದೂ ಕರೆಯಲಿಲ್ಲವಲ್ಲ.

"ಯಾಕ ನಿಂತಿ? ಓದು," ಎಂದರು ಕಾಕಾ.

ನಾನು ಓದಿದೆ. ಅಂದರೆ, ಪುಟದಲ್ಲಿ ಇಲ್ಲದ್ದನ್ನು ಓದಿದೆ. 'ಫಿಟ್ಟರ್ ಶರಣಪ್ಪ ವಿಮಾನದ ಕೆಳಗೆ ಕುಳಿತು ಅಂಗೈ ಇಟ್ಟು ನೋಡಿದರು, ನಾನು ಅವರ ಮೇಲೆ ರೇಗಿದೆ, ಅವರು ಜಗ್ಗಲಿಲ್ಲ, ಈ ಜೀವ ಅವರದು' ಎಂದು ಸಾಹೇಬರು ಬರೆದಿದ್ದಾರೆ ಎಂದೆ. ಮಾತು ತಾನಾಗಿ ಬಂತು. ಅಷ್ಟು ಒಳ್ಳೆಯ ಪ್ಯಾರಾವನ್ನು ನಾನು ಹಿಂದೆಯೂ ಬರೆದಿಲ್ಲ, ಮುಂದೆಯೂ ಬರೆಯಲಾರೆ. ಕಾಕಾ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಫೋಟೋ ಹಾಕ್ಯಾರೇನು?"

"ಹಾಕ್ಯಾರ್ರಿ."

ಅಷ್ಟರಲ್ಲಿ ಚಿಗವ್ವ ಮೊರ ಕೆಳಗಿಟ್ಟು, ಕೈ ಝಾಡಿಸಿಕೊಂಡು ಬಂದು ನನ್ನ ಕೈಯಿಂದ ಸಂಚಿಕೆಯನ್ನು ಇಸಿದುಕೊಂಡಳು. ಅಕ್ಷರ ಬಾರದವಳು ಎಂದು ನಾನು ಅವಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇಪ್ಪತ್ತಾರು ವರ್ಷ ಪಾಠ ಹೇಳಿದ ಬುದ್ಧಿವಂತಿಕೆ ನೋಡಿ. ಚಿಗವ್ವ ಆ ಪುಟವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು.

"ಇದರಾಗ ನೀವ ಇಲ್ಲಲ್ರೀ," ಎಂದಳು. "ಅಂವ ಒಬ್ಬನ ಅದಾನ. ಐದ ರೊಟ್ಟಿ ತಿಂದ ಹೋಗ್ಯಾನ ನನ್ನ ಕೈಯಾಗಿನವು, ಅಂವನ ಇವ."

ಕಾಕಾ ನನ್ನ ಕಡೆ ಮುಖ ತಿರುಗಿಸಿದರು. "ಈಗ ಖರೇ ಖರೇ ಏನೈತಿ ಅದನ್ನ ಓದು," ಎಂದರು. ಓದಿದೆ. ಒಳಮನಸ್ಸು, ಕೆಳಗಿನ ಸಿಬ್ಬಂದಿ, ಆರನೆಯ ಇಂದ್ರಿಯ, ಎಲ್ಲವನ್ನೂ.

ಪಾಪ, ದೊಡ್ಡ ಮನಸ್ಸಿನಿಂದ ಹೋಗಲಿ ಬಿಡು ಎನ್ನುತ್ತಾರೆ ಎಂದುಕೊಂಡಿದ್ದೆ. ಹಾಗೆ ಅಂದಿದ್ದರೆ ನನಗೆ ಇನ್ನೂ ಸಿಟ್ಟು ಬರುತ್ತಿತ್ತು. ಕಾಕಾ ಹೋಗಲಿ ಬಿಡು ಎನ್ನಲಿಲ್ಲ.

"ಪೈಪ್ ಎಲ್ಲಿ ಸವದಿತ್ತು ಅಂತ ಬರದಾರೇನು?"

"ಇಲ್ರಿ."

"ಹೆಂಗ ಗೊತ್ತಾತು ಅಂತ?"

"ಮನಸಿಗೆ ಅನಿಸ್ತು ಅಂತ ಬರದಾರ್ರಿ."

"ಮತ್ತ ನಾಳೆ ಹೊಸಾ ವಿಮಾನದ ಮುಂದ ನಿಲ್ಲೋ ಹುಡುಗ್ರು ಏನ್ ಕಲೀಬೇಕು ಇದರಾಗ? ಪೈಲಟ್ಗ ಅನಸತೈತಿ, ನಾವ್ಯಾಕ ಬಗ್ಗಿ ನೋಡಬೇಕು ಅಂತ ಕಲೀಬೇಕು? ನನ್ನ ಹೆಸರ ಬಿಟ್ಟಾರ ಅಂದ್ರ ಅದು ನನಗ ಮಾಡಿದ ಅನ್ಯಾಯ, ನುಂಗತೀನಿ. ಕೆಲಸಾನ ಬಿಟ್ಟಾರಲ್ಲ, ಅದು ಜೀವಾ ತಗಿಯೋ ತಪ್ಪು." ನನಗೂ ಒಂದು ಹಾಕಿದರು: "ನೀನೂ ನೋಡಲಾರದ ಸಹಿ ಮಾಡಿದಂಗ ಮಾಡಿದಿ."

ಆಮೇಲೆ ಪೆನ್ನು ತರಿಸಿದರು. ನಾನು ಶಾಲೆಯ ಚಟದಿಂದ ಕೆಂಪು ಪೆನ್ನು ತಂದೆ, ನೀಲಿ ತಾ ಎಂದರು. ಸಾಹೇಬರ ಆ ಪ್ಯಾರಾದ ಮೇಲೆ, ಕೆಳಗಿನದು ಓದಲು ಬರುವ ಹಾಗೆ, ಪ್ರತಿ ಸಾಲಿಗೆ ಒಂದೊಂದೇ ಗೆರೆ ಎಳೆಸಿದರು. ಪಕ್ಕದ ಖಾಲಿ ಜಾಗದಲ್ಲಿ ಅವರು ಹೇಳಿದಂತೆ ಬರೆದೆ: ಒರೆಸಿದ ಜಾಗ ಮತ್ತೆ ಒದ್ದೆಯಾದದ್ದು, ಪೈಪು ಸವೆದ ಜಾಗ, ಬಿರುಕಿನ ಉದ್ದ, ನೋಡಿದವನು ಇಂಜಿನ್ ಫಿಟ್ಟರ್. ಬರೆದದ್ದನ್ನು ಓದಿ ಹೇಳಿ, ಸಹಿಗೆ ಬೆರಳಿಟ್ಟು ಜಾಗ ತೋರಿಸಿದೆ. ಕಾಕಾ ಪೆನ್ನು ಹಿಡಿಯಲಿಲ್ಲ.

"ವೀರಣ್ಣನ್ನ ಕರಿ," ಎಂದರು. ವೀರಣ್ಣ ಎದುರು ಮನೆಯವರು, ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. "ಅಂವ ಓದಲಿ. ನೀನು ಓದಿದ್ದರ ಮ್ಯಾಲ ನಾ ಸಹಿ ಮಾಡಂಗಿಲ್ಲ."

ವೀರಣ್ಣ ಬಂದರು, ಔಷಧಿ ಚೀಟಿ ಓದುವ ದನಿಯಲ್ಲಿ ನಾನು ಬರೆದದ್ದನ್ನು ಓದಿ ಕನ್ನಡದಲ್ಲಿ ಹೇಳಿದರು. ನಾನು ಹೇಳಿದ್ದಕ್ಕೂ ಅದಕ್ಕೂ ಒಂದು ಮಾತಿನ ಫರಕಿಲ್ಲ. ಕಾಕಾ ಸಹಿ ಮಾಡಿದರು. ನಾನು ಕಂಬಕ್ಕೆ ಆತು ನಿಂತಿದ್ದೆ, ಮುಖ ಉರಿಯುತ್ತಿತ್ತು. ಊರವರ ಎದುರಿಗೆ, ಅದೂ ಕಂಪೌಂಡರನ ಇಂಗ್ಲಿಷಿನಿಂದ, ಇಂಗ್ಲಿಷ್ ಟೀಚರನ್ನು ತಪಾಸು ಮಾಡಿಸುವುದೆಂದರೇನು?

"ಸಿಟ್ಟು ಬಂತೇನು?" ಎಂದರು ಕಾಕಾ.

"ಬಂತ್ರಿ."

"ಸಾಹೇಬ್ರಿಗೂ ಬಂದಿತ್ತು."

ಮರುದಿನ ಆ ಸಂಚಿಕೆಯನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕ್ಲಬ್ಬಿಗೆ ವಾಪಸು ಕಳಿಸಿದೆ. ಮುಟ್ಟಿದ್ದಕ್ಕೆ ರಸೀದಿ ಬಂತು, ಬೇರೇನೂ ಬರಲಿಲ್ಲ. ಕಾಕಾನ ಮನೆಗೆ ನಾನು ನಾಲ್ಕು ದಿನ ಹೋಗಲಿಲ್ಲ. ಐದನೆಯ ದಿನ ಪೇಪರ್ ಹಿಡಿದುಕೊಂಡು ಹೋದೆ. ಅಂದಿನಿಂದ ದಿನವೂ ಓದಿ ಹೇಳುತ್ತಿದ್ದೇನೆ. ಜೋಳದ ಧಾರಣೆ ಬಿದ್ದದ್ದನ್ನೂ, ಕಾಕಾನಿಗೆ ಬೇಕಾದವರು ತೀರಿಹೋದದ್ದನ್ನೂ, ಇದ್ದದ್ದು ಇದ್ದ ಹಾಗೆ. ಎಷ್ಟೋ ಸಲ ನಾಲಗೆ ತುದಿಗೆ ಮೆತ್ತಗಿನ ಮಾತು ಬಂದು ನಿಂತಿದೆ, ಹಿಂದಕ್ಕೆ ಕಳಿಸಿದ್ದೇನೆ. ವೀರಣ್ಣನಿಂದ ಕಾಕಾ ಆಗಾಗ ಅದೇ ಸುದ್ದಿಯನ್ನು ಮತ್ತೊಮ್ಮೆ ಓದಿಸುತ್ತಾರೆಂದು ನನಗೆ ಗೊತ್ತು.

ಇವತ್ತು ಬಂದ ಈ ಹೊಸ ಸಂಚಿಕೆಯನ್ನು ಸಂಜೆ ಹಿಡಿದುಕೊಂಡು ಹೋದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಹೊಸ ಫೈಟರಿನ ಮೇಲೆ ಈ ಸಲ ಹತ್ತು ಪುಟ. ತಿದ್ದುಪಡಿ ಎಂಬ ಮಾತಿಲ್ಲ, ಕಾಕಾನ ಹೆಸರಿಲ್ಲ, ಪೈಪಿಲ್ಲ. ಅದನ್ನೂ ಹೇಳಿದೆ.

"ನಮ್ಮದು ಏನೂ ಹಾಕಿಲ್ರಿ ಕಾಕಾ. ಒಂದ ಸಾಲೂ ಇಲ್ಲ."

"ಮತ್ತ ಬರಿ," ಎಂದರು ಕಾಕಾ. "ಹಾಕೋತನಕ ಬರಿ."

ಬರೆದೆ. ಈ ಸಲ ನನ್ನ ಸಿಟ್ಟನ್ನೂ ಸೇರಿಸಿ ಬರೆಯಬೇಕೆಂದು ಕೈ ತುರಿಸುತ್ತಿತ್ತು, ಅವರು ಹೇಳಿದ್ದಷ್ಟನ್ನೇ ಬರೆದೆ. ಓದಿ ಹೇಳಿದೆ. ಎದುರಿಗೆ ವೀರಣ್ಣ ತಮ್ಮ ಕಟ್ಟೆಯ ಮೇಲೆ ಕುಳಿತು ಕಾಲು ಅಲ್ಲಾಡಿಸುತ್ತಿದ್ದರು, ಒಂದು ಕೂಗು ಹಾಕಿದರೆ ಬಂದುಬಿಡುವಷ್ಟು ಹತ್ತಿರ. ಕಾಕಾ ಅವರನ್ನು ಕರೆಯಲಿಲ್ಲ. ಪೆನ್ನಿಗೆ ಕೈ ಚಾಚಿದರು.